ಮುಟ್ಟದೆಯೇ ಬಾರಿಸುವ ಗಂಟೆ

ಪ್ರಶ್ನೆ: ಮಂಡಕ್ಕಿ-ಮಿರ್ಚಿ ಅಂಗಡಿಯ ಕೌಂಟರಿಗೆ ಟಿಟಿಪಿ223 ಮಾಡ್ಯೂಲಿನ (ಬೆರಳಿನ ಸ್ಪರ್ಶ ಗುರುತಿಸುವ ಪುಟ್ಟ ಬೋರ್ಡು) ಟಚ್ ಗಂಟೆ ಮಾಡಿ, 4 ಮಿ.ಮೀ. ಗಾಜಿನಡಿ ಅಂಟಿಸಿದ್ದೇನೆ. ಒಮ್ಮೊಮ್ಮೆ ಮುಟ್ಟಿದರೂ ಸುಮ್ಮನಿರುತ್ತದೆ, ಕೌಂಟರ್ ಒರೆಸಿದರೆ ತಾನೇ ಬಾರಿಸುತ್ತದೆ. ಗಿರಾಕಿಗಳ ಎಣ್ಣೆಗೈ ಕಾರಣವೇ?
– ಓದುಗರು, ದಾವಣಗೆರೆ

ಉತ್ತರ: ಪಾಪ, ಮಿರ್ಚಿಯ ತಪ್ಪೇನಿಲ್ಲ. ಎಣ್ಣೆಯಲ್ಲಿ ವಿದ್ಯುತ್ ಹರಿಯದು. ಅದರ ತೆಳು ಪದರ ಸೆನ್ಸರಿಗೆ ಗೊತ್ತೇ ಆಗುವುದಿಲ್ಲ. ತಂಟೆ ಒದ್ದೆ ಬಟ್ಟೆಯದು. ನೀರಿನ ಪಸೆ, ಅದರ ಮೇಲಿನ ಕೈ ಎರಡೂ ಸೇರಿ ಒಂದು ದೊಡ್ಡ ಬೆರಳಿನಂತಾಗುತ್ತವೆ.

ಮುಟ್ಟಿದರೂ ಸುಮ್ಮನಿರುವುದೇಕೆಂದು ತಿಳಿಯಲು ಮೊದಲು ಮಾಡ್ಯೂಲನ್ನು ಬಿಚ್ಚಿ ನೋಡಿ. ಪಿನ್ನುಗಳ ಬೆಸುಗೆ ಮೊನೆಗಳು ಗಾಜಿಗೆ ತಾಗಿ ಬೋರ್ಡನ್ನು ಎತ್ತಿ ಹಿಡಿದಿರುತ್ತವೆ, ನಡುವೆ ಗಾಳಿ ಸೇರುತ್ತದೆ. ಗಾಜಿನ ಡೈಎಲೆಕ್ಟ್ರಿಕ್ ಅಂಕ (ಬೆರಳಿನ ವಿದ್ಯುತ್ ಪ್ರಭಾವವನ್ನು ಎಷ್ಟು ದಾಟಿಸುತ್ತದೆ ಎಂಬ ಅಳತೆ) ಸುಮಾರು 7, ಗಾಳಿಯದು 1. ಅಂದರೆ 1 ಮಿ.ಮೀ. ಗಾಳಿ 7 ಮಿ.ಮೀ. ಗಾಜಿಗೆ ಸಮ! ಪಿನ್ ಕಿತ್ತು ವೈರನ್ನು ನೇರ ಬೆಸೆಯಿರಿ; ಮಟ್ಟಸವಾದ ಮಗ್ಗುಲನ್ನು ಗುಳ್ಳೆ ಉಳಿಯದಂತೆ ಡಬಲ್ ಟೇಪಿನಿಂದ ಒತ್ತಿ ಅಂಟಿಸಿ. ಕರೆಂಟ್ ಕೊಟ್ಟ ಮೊದಲ ಅರ್ಧ ಸೆಕೆಂಡು ಕೈ ಹತ್ತಿರ ಬೇಡ, ಚಿಪ್ ಆಗ ತನ್ನ ಮಟ್ಟ ಅಳೆದುಕೊಳ್ಳುತ್ತಿರುತ್ತದೆ.

ಇಷ್ಟಾದ ಮೇಲೂ ಒರೆಸುವಾಗ ಬಾರಿಸಿದರೆ ಚಿಪ್ಪಿನ ಟಚ್ ಪಿನ್ನಿನಿಂದ ಗ್ರೌಂಡಿಗೆ (ಸರ್ಕ್ಯೂಟಿನ ಸೊನ್ನೆ ವೋಲ್ಟ್ ತಂತಿಗೆ) 10 ಪಿಕೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿ, ಸೂಕ್ಷ್ಮತೆ ತಗ್ಗುತ್ತದೆ. ಸಾಲದಿದ್ದರೆ 22 ಹಾಕಿ, ಆದರೆ 50 ದಾಟಬೇಡಿ. ಸ್ಟೀಲ್ ಹೊದಿಕೆಯ ಕೌಂಟರಾದರೆ ಅದರಡಿ ಅಂಟಿಸಿ ಪ್ರಯೋಜನವಿಲ್ಲ, ಲೋಹ ಬೆರಳನ್ನು ಮರೆಮಾಡಿಬಿಡುತ್ತದೆ.

ಪ್ರಶ್ನೆ: ಇಎಸ್‌ಪಿ32ರ (ಟಚ್ ಪಿನ್ನುಗಳಿರುವ ಮೈಕ್ರೊಕಂಟ್ರೋಲರ್ ಬೋರ್ಡು) ಟಚ್ ದೀಪ ಲ್ಯಾಪ್‌ಟಾಪಿಗೆ ಜೋಡಿಸಿದಾಗ ಸರಿ. ಮೊಬೈಲ್ ಚಾರ್ಜರಿಗೆ ಹಾಕಿದರೆ ಭೂತ ಹಿಡಿದಂತೆ ಮಿನುಗುತ್ತದೆ.
– ಓದುಗರು, ಚಿತ್ರದುರ್ಗ

ಉತ್ತರ: ಕೋಡ್ ತಿದ್ದುವ ಮೊದಲು ಚಾರ್ಜರ್ ಬದಲಿಸಿ. ಎರಡು ಪಿನ್ನಿನ ಅಗ್ಗದ ಚಾರ್ಜರಿನಲ್ಲಿ ಸ್ವಿಚಿಂಗ್ ಗದ್ದಲ (ಒಳಗಿನ ವೇಗದ ಆನ್-ಆಫ್ ತರುವ ವಿದ್ಯುತ್ ಏರಿಳಿತ) ಗ್ರೌಂಡಿಗೇ ಬೆರೆತು ಬರುತ್ತದೆ. ಬೆರಳು ಭೂಮಿಯ ಲೆಕ್ಕದಲ್ಲಿ ಸ್ಥಿರ, ಬೋರ್ಡು ಮಾತ್ರ ಓಲಾಡುತ್ತಿರುತ್ತದೆ. ಆ ಓಲಾಟವೇ ಸ್ಪರ್ಶದಂತೆ ಕಾಣುತ್ತದೆ. ಪವರ್ ಬ್ಯಾಂಕಿನಲ್ಲಿ ಓಡಿಸಿ ನೋಡಿ, ಮಿನುಗು ನಿಂತರೆ ಕಳ್ಳ ಸಿಕ್ಕಂತೆ. ಅರ್ತಿಂಗ್ ಇರುವ ಮೂರು ಪಿನ್ನಿನ ಅಡಾಪ್ಟರ್ ಒಳ್ಳೆಯದು, ಮನೆಯ ಅರ್ತಿಂಗ್ ನಿಜಕ್ಕೂ ಇದ್ದರೆ!

ಪಿನ್ 4, 27, 32, 33ರಲ್ಲಿ ಒಂದನ್ನು ಬಳಸಿ. 0, 2, 12, 15 ಬೂಟಿಂಗಿಗೆ ಅಡ್ಡ ಬರುತ್ತವೆ. ವೈರು 10 ಸೆ.ಮೀ. ಒಳಗಿರಲಿ, ದೀಪದ ವೈರಿನ ಜೊತೆ ಹೊಸೆಯಬೇಡಿ. ಕೋಡ್‌ನಲ್ಲಿ ಟಚ್ ಅಂಕವನ್ನು ಐದು ಸಲ ಓದಿ, ಏರಿಕೆ ಕ್ರಮದಲ್ಲಿಟ್ಟು ನಡುವಿನದನ್ನು ತೆಗೆದುಕೊಳ್ಳಿ. ಸರಾಸರಿ ಮಾಡಿದರೆ ಒಂದೇ ಕೆಟ್ಟ ಅಂಕ ಎಲ್ಲವನ್ನೂ ಎಳೆದೊಯ್ಯುತ್ತದೆ. ಮುಟ್ಟಿದೆಯೆಂದು ತೀರ್ಮಾನಿಸುವ ಮಿತಿಯನ್ನು ಅದೇ ಅಡಾಪ್ಟರಿನಲ್ಲಿ ಅಳೆದೇ ಹಾಕಿ. ಹಳೆಯ ಇಎಸ್‌ಪಿ32ರಲ್ಲಿ ಮುಟ್ಟಿದರೆ ಅಂಕ ಇಳಿಯುತ್ತದೆ, ಅದರ ಹೊಸ ಮಾದರಿಗಳಾದ ಎಸ್2 ಮತ್ತು ಎಸ್3ರಲ್ಲಿ ಏರುತ್ತದೆ.

ಇಬ್ಬರಿಗೂ ಒಂದು ಮಾತು: ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರಿನಿಂದಲೇ 230 ವೋಲ್ಟ್ ಇಳಿಸುವ ಸರ್ಕ್ಯೂಟನ್ನು ಟಚ್ ಪ್ರಾಜೆಕ್ಟಿಗೆ ಬಳಸಲೇಬೇಡಿ. ಗಾಜು ಸೀಳಿದರೆ ಬೆರಳು ತಾಗುವುದು ನೇರ ಮೇನ್ಸಿಗೆ.