ಮಂಡ್ಯದ ಹಳ್ಳಿಗಳಲ್ಲಿ ಊರಿನ ಯೋಜನೆ ಮಾಡುವಾಗ ಜನರನ್ನು ಸೇರಿಸಿಕೊಳ್ಳುವುದು ಹೇಗೆ?

ಗ್ರಾಮ ಸಭೆಗಿಂತ ಮೊದಲು ವಾರ್ಡ್ ಸಭೆಯನ್ನು ಗಟ್ಟಿ ಮಾಡಿ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಎರಡೂ ಇವೆ. ಆದರೆ ದೊಡ್ಡ ಸಭೆಯಲ್ಲಿ ಮೈಕ್ ಹಿಡಿಯುವವರು ಯಾವಾಗಲೂ ಅದೇ ನಾಲ್ಕು ಜನ, ಅಲ್ವಾ? ತಮ್ಮ ಬೀದಿಯವರ ಮುಂದೆ ಹೆಂಗಸರು, ಕೂಲಿಯವರು ಧೈರ್ಯವಾಗಿ ಮಾತಾಡುತ್ತಾರೆ. ಹೊತ್ತೂ ಮುಖ್ಯ. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕಬ್ಬಿನ ಗದ್ದೆಗೆ ಹೋದವರು ಹೇಗೆ ಬರುತ್ತಾರೆ? ಸಂಜೆ ಡೇರಿಗೆ ಹಾಲು ಹಾಕಿದ ಮೇಲೆ ಕರೆಯಿರಿ.

ಸುಮ್ನೆ "ಏನು ಬೇಕು?" ಅಂತ ಕೇಳಿದರೆ ರಸ್ತೆ, ಚರಂಡಿ ಅಂತಲೇ ಪಟ್ಟಿ ಬರುತ್ತದೆ. ಅದರ ಬದಲು ಅರಳಿಕಟ್ಟೆಯ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆಯನ್ನು ಅವರಿಂದಲೇ ಬಿಡಿಸಿ. ಕೆರೆ, ನಾಲೆ, ಬೋರ್‌ವೆಲ್, ನಲ್ಲಿ ನೀರು ಬಾರದ ಮನೆ, ಎಲ್ಲವೂ ಇರಲಿ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ರೈತರು ನೀರು ಬಾರದ ತೂಬನ್ನು ಬೆರಳಿಟ್ಟು ತೋರಿಸಿದರೆ, ನಾಲೆಯ ಮೇಲ್ಭಾಗದ ರೈತರೂ ಕೂತು ಕೇಳಲೇಬೇಕಾಗುತ್ತದೆ. ಹೂಳೆತ್ತುವುದು, ಕಡಿಮೆ ನೀರಿನ ಬೆಳೆ, ಇಂಥ ಮಾತು ಶುರುವಾಗುವುದೇ ಅಲ್ಲಿ.

ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಗಟ್ಟಿಯಾಗಿ ಓದಿಸಿದ ಮೇಲೆಯೇ ಸಹಿ ಹಾಕಿ. ಅದು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಗೆ ಸೇರಿತೇ ಅಂತ ಮುಂದಿನ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನೇ ಕೇಳಿ. ಕೈಬಿಟ್ಟಿದ್ದರೆ ಯಾಕೆ ಅನ್ನುವುದನ್ನೂ ಎಲ್ಲರೆದುರು ಹೇಳಿಸಿ.