ಮಂಗ ಹೇನು ಹೆಕ್ಕುವುದೇಕೆ?

ಪ್ರಶ್ನೆ: ತೋಟಕ್ಕೆ ಬರುವ ಮಂಗಗಳು ಮಧ್ಯಾಹ್ನವಿಡೀ ಒಂದರ ಮೈ ಇನ್ನೊಂದು ಕೆದಕುತ್ತ ಕೂರುತ್ತವೆ. ನಿಜಕ್ಕೂ ಹೇನಿರುತ್ತದೆಯೇ, ಇಲ್ಲ ಚರ್ಮದ ಉಪ್ಪು ತಿನ್ನುತ್ತವೆಯೇ? (ಓದುಗರು, ಸಾಗರ)

ಉತ್ತರ: ಉಪ್ಪಿನ ಮಾತು ಹಳೆಯದು, ನಂಬಬೇಡಿ. ಜಪಾನಿನ ಮಂಗಗಳು ಬಾಯಿಗೆ ಹಾಕಿಕೊಳ್ಳುವುದೇನೆಂದು ಸೂಕ್ಷ್ಮವಾಗಿ ಗಮನಿಸಿದಾಗ ಬಹುಪಾಲು ಸಿಕ್ಕಿದ್ದು ಸೀರು, ಅಂದರೆ ಹೇನಿನ ಮೊಟ್ಟೆ. ಸೀರು ಕೂದಲಿಗೆ ಅಂಟಿಕೊಂಡಿರುತ್ತದೆ, ಕೊಡವಿದರೆ ಉದುರದು. ಕೂದಲು ಬಗೆದು ಹಿಡಿದು, ಉಗುರಿನಿಂದ ಸಡಿಲಿಸಿ, ಕೂದಲುದ್ದಕ್ಕೂ ಜಾರಿಸಿಯೇ ತೆಗೆಯಬೇಕು. ನೆತ್ತಿ, ಕತ್ತಿನ ಹಿಂಭಾಗ, ಬೆನ್ನು ತನಗೇ ಕಾಣದ ಜಾಗಗಳು. ಅಲ್ಲಿಗೆ ಇನ್ನೊಬ್ಬರ ಕೈಯೇ ಬೇಕು. ಕೆನ್ಯಾದ ಅಂಬೋಸೆಲಿಯಲ್ಲಿ ಹೆಚ್ಚು ಹೆಕ್ಕಿಸಿಕೊಂಡ ಬಬೂನ್‌ಗಳ ಮೈಯಲ್ಲಿ ಉಣುಗು ಕಡಿಮೆ ಕಂಡಿತು.

ಪ್ರಶ್ನೆ: ಸರಿ, ಹೆಕ್ಕಿಸಿಕೊಂಡದ್ದಕ್ಕೆ ಲಾಭ. ಹೆಕ್ಕಿದ್ದಕ್ಕೆ ಏನು ಸಿಗುತ್ತದೆ? (ಓದುಗರು, ಮೈಸೂರು)

ಉತ್ತರ: ವಿಷಯದ ತಿರುಳು ಇದೇ. ಮೊದಲನೆಯದು ಮುಯ್ಯಿ: ಈಗ ನಾನು, ಆಮೇಲೆ ನೀನು. ಆದರೆ ಮುಯ್ಯಿ ಹೇನಿನಲ್ಲೇ ತೀರಬೇಕೆಂದಿಲ್ಲ. ಅಂಬೋಸೆಲಿಯಲ್ಲೇ ಸಂಶೋಧಕರಾದ ರಾಬರ್ಟ್ ಸೇಫರ್ತ್ ಮತ್ತು ಡೊರೊತಿ ಚೆನಿ, ವರ್ವೆಟ್ ಎಂಬ ಆಫ್ರಿಕಾದ ಕೋತಿಗಳು ನೆರವು ಕೋರುವ ಕೂಗನ್ನು ಧ್ವನಿಮುದ್ರಿಸಿ, ಮರೆಯಲ್ಲಿಟ್ಟ ಸ್ಪೀಕರಿನಿಂದ ಕೇಳಿಸಿದರು. ಸ್ವಲ್ಪ ಹೊತ್ತಿನ ಹಿಂದೆ ತನ್ನ ಮೈ ಹೆಕ್ಕಿದವಳ ಕೂಗಾದರೆ ಕೋತಿ ಹೆಚ್ಚು ಹೊತ್ತು ಆ ಕಡೆ ನೋಡಿತು. ಹತ್ತಿರದ ಬಂಧುವಿನ ಕೂಗಿಗೆ ಮಾತ್ರ ಇಂಥ ವ್ಯತ್ಯಾಸ ಕಾಣಲಿಲ್ಲ. ಒಡಹುಟ್ಟಿದವರ ನಡುವೆ ಲೆಕ್ಕ ಬೇಕಿಲ್ಲ. ಇದು 1984ರಲ್ಲಿ ಪ್ರಕಟವಾಯಿತು.

ಈ ಲೆಕ್ಕಕ್ಕೆ ಸಂತೆಯಂತೆ ದರ ಏರಿಳಿತವೂ ಇದೆ. ದಕ್ಷಿಣ ಆಫ್ರಿಕಾದ ಲೋಸ್ಕಾಪ್‌ನಲ್ಲಿ ಬೇರೆ ಸಂಶೋಧಕರು ಸೇಬಿನ ಪೆಟ್ಟಿಗೆಯೊಂದು ಕೆಳದರ್ಜೆಯ ಒಂದೇ ಹೆಣ್ಣು ವರ್ವೆಟ್ ಬಂದಾಗ ಮಾತ್ರ ತೆರೆಯುವಂತೆ ಮಾಡಿದರು. ಆ ಸೇಬು ತಿಂದ ಗುಂಪಿನವರು ಅವಳ ಮೈ ಹೆಚ್ಚು ಹೆಕ್ಕತೊಡಗಿದರು. ಎರಡನೆಯವಳಿಗೂ ಪೆಟ್ಟಿಗೆ ಕೊಟ್ಟ ಕೂಡಲೇ ಮೊದಲನೆಯವಳ ಪಾಲು ಇಳಿಯಿತು. ಎಳೆ ಮರಿಯಿರುವ ತಾಯಿಗೂ ಇದೇ ಬೇಡಿಕೆ: ಮರಿ ಮುಟ್ಟಬೇಕಾದರೆ ಮೊದಲು ತಾಯಿಯ ಬೆನ್ನು ಹೆಕ್ಕಬೇಕು.

ನಮ್ಮ ಊರಿನ ಕೋತಿಗಳಲ್ಲೂ ಗಮನಿಸಿ. ಇಬ್ಬರು ಹೆಣ್ಣುಗಳು ಕೂತಿರುವಾಗ ಮೇಲಿನ ದರ್ಜೆಯವಳು ಬಂದರೆ, ಸಾಮಾನ್ಯವಾಗಿ ಇಬ್ಬರಲ್ಲಿ ಕೆಳಗಿನವಳೇ ಎದ್ದು ಹೋಗುತ್ತಾಳೆ. ಅಂದರೆ ಜೊತೆಗಾರ್ತಿಯ ಸ್ಥಾನವೂ ಅವಳಿಗೆ ಗೊತ್ತು. ನೋಡುವಾಗ ಕೈಯಲ್ಲಿ ತಿಂಡಿ ಬೇಡವೇ ಬೇಡ; ತಿಂಡಿ ಕಂಡೊಡನೆ ಹೆಕ್ಕುವುದು ನಿಂತು ಜಗಳ ಶುರುವಾಗುತ್ತದೆ.

ಪ್ರಶ್ನೆ: ಆ ಉಣುಗಿನಿಂದಲೇ ಮಂಗನ ಕಾಯಿಲೆ ಬರುವುದೇ? (ಓದುಗರು, ತೀರ್ಥಹಳ್ಳಿ)

ಉತ್ತರ: ಹೌದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ವೈರಸ್ ಅದು. ಸೋಂಕಿನಿಂದ ಮಂಗ ಸತ್ತಾಗ ಉಣುಗುಗಳು ಹೆಣ ಬಿಟ್ಟು ಸುತ್ತಲಿನ ತರಗೆಲೆಗೆ ಇಳಿಯುತ್ತವೆ. ಆದ್ದರಿಂದ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ನೀವೇ ಹೂಳಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಸಿಬ್ಬಂದಿಗೋ ಅಂದೇ ತಿಳಿಸಿ. ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಮರಳಿದೊಡನೆ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ.