ಕೋಡಿಂಗ್ ತರಗತಿಗೆ ಅದೇ ಐದು ಹುಡುಗರು ಬರುವುದು ಯಾಕೆ?

ನಿಮ್ಮ ಗ್ರಂಥಾಲಯದ ಕೋಡಿಂಗ್ ತರಗತಿಗೆ ಪ್ರತಿ ವಾರ ಅದೇ ಐದು ಹುಡುಗರು ಬರುತ್ತಾರೆ, ಹುಡುಗಿಯರು ಬಾಗಿಲವರೆಗೆ ಬಂದು ವಾಪಸ್ ಹೋಗುತ್ತಾರೆ, ಪೋಸ್ಟರ್ ಬದಲಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಪೋಸ್ಟರ್ ಒಂದರಿಂದ ಆಗುವ ಕೆಲಸ ಅಲ್ಲ ಇದು.

1983ರಲ್ಲಿ ಸಂಶೋಧಕ ಡೇವಿಡ್ ಚೇಂಬರ್ಸ್ ಒಂದು ಅಧ್ಯಯನ ಪ್ರಕಟಿಸಿದರು. ವಿಜ್ಞಾನಿಯ ಚಿತ್ರ ಬಿಡಿಸಿ ಅಂದಾಗ 4807 ಮಕ್ಕಳಲ್ಲಿ ಹೆಣ್ಣು ವಿಜ್ಞಾನಿಯನ್ನು ಬರೆದವರು ಬರೀ 28. ಆ ಅಷ್ಟೂ ಮಂದಿ ಹುಡುಗಿಯರೇ! ಅಧ್ಯಯನ ಹಳೆಯದು ನಿಜ, ಆದರೆ ನಿಮ್ಮಲ್ಲೂ ಒಮ್ಮೆ ಮಾಡಿಸಿ ನೋಡಿ. ಹಾಳೆ, ಪೆನ್ಸಿಲ್ ಸಾಕು.

ಆಮೇಲೆ ಕಪಾಟು ನೋಡಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕಂಪ್ಯೂಟರ್ ಪುಸ್ತಕ 004ರಿಂದ 006ರಲ್ಲಿ. ಜೀವನಚರಿತ್ರೆಗಳನ್ನು ಎಷ್ಟೋ ಕಡೆ 920ರಲ್ಲಿ, ಅಂದರೆ ಕೋಣೆಯ ಇನ್ನೊಂದು ತುದಿಯಲ್ಲಿ ಇಡುತ್ತಾರೆ. ಕೋಡಿಂಗ್ ಕಲಿಯಲು ಬಂದ ಮಗುವಿಗೆ 1843ರಲ್ಲೇ ಯಂತ್ರಕ್ಕೆ ಲೆಕ್ಕದ ಕ್ರಮ ಬರೆದ ಅಡಾ ಲವ್‌ಲೇಸ್ ಎಂಬ ಮಹಿಳೆಯ ಕಥೆ ಸಿಗುವುದೇ ಇಲ್ಲ. ಎರಡನ್ನೂ ಒಂದೇ ಮೇಜಿನ ಮೇಲೆ ಇಡಿ. ಮಹಿಳಾ ದಿನಕ್ಕೆ ಮಾತ್ರ ಅಲ್ಲ, ವರ್ಷವಿಡೀ.

ತರಗತಿಯಲ್ಲಿ ಕೀಬೋರ್ಡ್ ಯಾರ ಕೈಲಿರುತ್ತದೆ ಗಮನಿಸಿದ್ದೀರಾ? ಮನೆಯಲ್ಲಿ ಕಂಪ್ಯೂಟರ್ ಇರುವವನೇ ಹಿಡಿದು ಕೂರುತ್ತಾನೆ, ಉಳಿದವರು ಸುಮ್ನೆ ನೋಡುತ್ತಾರೆ. ಜೋಡಿಯಾಗಿ ಕೂರಿಸಿ, ಹತ್ತು ನಿಮಿಷಕ್ಕೊಮ್ಮೆ ಕೈ ಬದಲಿಸಿ. ನನ್ನ ಪ್ರಕಾರ ಇದರಷ್ಟು ಜಾಸ್ತಿ ಫಲ ಕೊಡುವುದು ಬೇರೇನಿಲ್ಲ. ಖರ್ಚೂ ಇಲ್ಲ, ಅಲ್ವಾ?

ಹೊರಗುಳಿಯುವವರು ಹುಡುಗಿಯರಷ್ಟೇ ಅಲ್ಲ. ಒಂದು ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿಡಿ. ತೆರೆಯ ಮೇಲಿನದ್ದನ್ನು ಓದಿ ಹೇಳುವ ಉಚಿತ ತಂತ್ರಾಂಶ. ಕಣ್ಣು ಕಾಣದ ಮಗು ಬಂದ ಮೇಲೆ ಹುಡುಕುತ್ತಾ ಕೂತರೆ ಆ ಮಗು ಮತ್ತೆ ಬರುವುದಿಲ್ಲ.